ಗೂಟನ ಚಿಕ್ಕ ಕ್ಯಾಮೆರಾ

ಅವನಿಗೆ ಗೂಟ ಎಂದು ಹೆಸರಿಟ್ಟವನು ಟಿವಿ ಚಾನೆಲ್ಲಿನ ವ್ಯಾನ್ ಡ್ರೈವರ್. ಒಮ್ಮೆ ಕಾರ್ಖಾನೆಯ ಗೇಟಿನ ಮುಂದೆ ಗಲಾಟೆಯಾಗಿ ಜನ ದಿಕ್ಕಾಪಾಲಾಗಿ ಓಡಿದರು. ಚಪ್ಪಲಿಗಳು ಹಾರಿದವು, ವರದಿಗಾರ ವ್ಯಾನಿನ ಕೆಳಗೆ ನುಸುಳಿದ. ಚಾನೆಲ್ಲಿನ ಕ್ಯಾಮೆರಾಮನ್ ಆಗಿದ್ದ ಇವನು ಮಾತ್ರ ಹೆಗಲ ಮೇಲೆ ಕ್ಯಾಮೆರಾ ಹೊತ್ತು ರಸ್ತೆಯ ನಡುವೆ ನಿಂತೇ ಇದ್ದ. ಅಂದಿನ ಸುದ್ದಿಯಲ್ಲಿ ನೋಡಿದರೆ ಊರೆಲ್ಲ ಅಲ್ಲಾಡುತ್ತಿದೆ, ಚಿತ್ರ ಮಾತ್ರ ಅಲ್ಲಾಡುತ್ತಿಲ್ಲ. “ಇವನೇನು ಮನುಷ್ಯನೋ, ನೆಲಕ್ಕೆ ಹೊಡೆದ ಗೂಟಾನೋ!” ಎಂದ ಡ್ರೈವರ್. ಹೆಸರು ಅಂಟಿಕೊಂಡೇ ಬಿಟ್ಟಿತು. ಎಲ್ಲರೂ ಅವನ ಧೈರ್ಯವನ್ನು ಹೊಗಳಿದರು. ನಿಜ ಹೇಳಬೇಕೆಂದರೆ ಅದು ಧೈರ್ಯವಲ್ಲ. ತಲೆಗೆ ಏಟು ಬಿದ್ದೀತು ಎನ್ನುವ ಭಯಕ್ಕಿಂತ ಚಿತ್ರ ನಡುಗೀತು ಎನ್ನುವ ಭಯ ಅವನಿಗೆ ದೊಡ್ಡದಾಗಿತ್ತು, ಅಷ್ಟೇ.

ಅವನ ಹೆಂಡತಿ ಸಾರ್ವಜನಿಕ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಕೊಳದ ಈ ತುದಿಯಲ್ಲಿ ನಿಂತು ಅವಳು “ಉಸಿರು ಬಿಡು!” ಎಂದರೆ ಆ ತುದಿಯಲ್ಲಿ ಮುಳುಗುತ್ತಿದ್ದ ಮಗು ತಾನಾಗಿ ತೇಲುತ್ತಿತ್ತು ಎಂದು ಜನ ತಮಾಷೆ ಮಾಡುತ್ತಿದ್ದರು. ಅವಳಿಗೆ ಮೈಕೂ ಬೇಡ, ಸೀಟಿಯೂ ಬೇಡ. ಮನೆಯಲ್ಲೂ ಅದೇ ಗಂಟಲು. ಮೂರನೇ ಮಹಡಿಯಿಂದ ಅವಳು ಗಂಡನಿಗೆ ಸೊಪ್ಪು ತರಲು ಹೇಳಿದರೆ ಕೆಳಗಿನ ಮನೆಯವರೂ ತಂದಿಡುತ್ತಿದ್ದರು. ಇಂಥವಳನ್ನು ಕಟ್ಟಿಕೊಂಡೂ ಗೂಟನಿಗೆ ಈಜು ಬರುತ್ತಿರಲಿಲ್ಲ. ನೀರೆಂದರೆ ಅವನಿಗೆ ಜೀವ ಬಾಯಿಗೆ ಬರುತ್ತಿತ್ತು.

ಚಾನೆಲ್ಲು ಮುಚ್ಚಿತು. ಗೂಟ ಕೈಕಟ್ಟಿ ಕೂರುವ ಆಸಾಮಿಯಲ್ಲ. ಶಾಲೆ, ಕಚೇರಿ, ಕಾರ್ಖಾನೆಗಳಿಗೆ ಸಣ್ಣ ಸಣ್ಣ ಚಿತ್ರ ಮಾಡಿಕೊಡೋಣ ಎಂದು ಒಂದು ಹೊಸ ಕ್ಯಾಮೆರಾ ಕೊಂಡ. ಸಿನಿಮಾ ತೆಗೆಯುವಂಥದ್ದೇ, ಆದರೆ ಗಾತ್ರ ಊಟದ ಡಬ್ಬಿಯಷ್ಟು. ಬಣ್ಣ, ಬೆಳಕು ಎಲ್ಲ ಬಂಗಾರ. ಮೊದಲ ದಿನವೇ ಅದು ಅವನಿಗೆ ಕೈಕೊಟ್ಟಿತು. ಶಾಲೆಯ ಕಾರಿಡಾರಿನಲ್ಲಿ ನಡೆಯುತ್ತ ತೆಗೆದದ್ದನ್ನು ಮನೆಗೆ ತಂದು ದೊಡ್ಡ ಪರದೆಯಲ್ಲಿ ನೋಡಿದರೆ, ಕಾರಿಡಾರಿಗೆ ಚಳಿಜ್ವರ ಬಂದ ಹಾಗೆ ಗಡಗಡ ನಡುಗುತ್ತಿದೆ.

ತಪ್ಪು ಕ್ಯಾಮೆರಾದ್ದಲ್ಲ. ಹಳೆಯದು ಹೆಗಲ ಮೇಲೆ ಎಮ್ಮೆಕರುವಿನಂತೆ ಕೂತಿರುತ್ತಿತ್ತು. ಆ ಭಾರವೇ ಅರ್ಧ ಕೆಲಸ ಮಾಡುತ್ತಿತ್ತು. ಮೈಯ ಸಣ್ಣಪುಟ್ಟ ಅಲುಗಾಟವೆಲ್ಲ ಅದರೊಳಗೇ ಅಡಗಿಹೋಗುತ್ತಿತ್ತು. ಈ ಚಿಕ್ಕದಕ್ಕೆ ಭಾರವೇ ಇಲ್ಲ, ಕೂರುವುದಕ್ಕೆ ಹೆಗಲೂ ಬೇಕಿಲ್ಲ. ಕೈಯಲ್ಲಿ ಹಿಡಿದರೆ ಉಸಿರೂ ಅದಕ್ಕೆ ಗೊತ್ತಾಗುತ್ತದೆ, ನಾಡಿಯೂ ಗೊತ್ತಾಗುತ್ತದೆ. ಲೆನ್ಸಿನ ಪಕ್ಕದಲ್ಲಿ ನಡುಕ ತಡೆಯುವ ಒಂದು ಗುಂಡಿಯೇನೋ ಇತ್ತು. ಅದನ್ನು ಆನ್ ಮಾಡಿದ್ದರೆ ಅರ್ಧ ಗೋಳು ತಪ್ಪುತ್ತಿತ್ತು. ಆದರೆ ಗೂಟನ ಜಂಭ ಕೇಳಬೇಕಲ್ಲ! “ಅದು ಕೈಲಾಗದವರಿಗೆ” ಎಂದು ಅದನ್ನು ಆಫ್ ಮಾಡಿಟ್ಟ.

ಮನೆಯ ಹಾಲಿನಲ್ಲಿ ಅಭ್ಯಾಸ ಶುರುವಾಯಿತು. ಕ್ಯಾಮೆರಾದ ಪಟ್ಟಿಯನ್ನು ಕುತ್ತಿಗೆಗೆ ಹಾಕಿ, ಪಟ್ಟಿ ಬಿಗಿಯುವವರೆಗೆ ಕ್ಯಾಮೆರಾವನ್ನು ಮುಂದಕ್ಕೆ ತಳ್ಳಿ ಹಿಡಿಯುವುದು. ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳುವುದು. ಮಂಡಿ ಸ್ವಲ್ಪ ಮಡಿಸಿ, ಹಿಮ್ಮಡಿ ಮೊದಲು ಊರಿ ಮೆಲ್ಲಗೆ ನಡೆಯುವುದು. ಸೋಫಾದಿಂದ ಅಡುಗೆಮನೆಯ ಬಾಗಿಲಿಗೆ, ಬಾಗಿಲಿಂದ ಸೋಫಾಕ್ಕೆ, ಕದ್ದ ಮಾಲು ಹೊತ್ತ ಕಳ್ಳನ ಹಾಗೆ ಓಡಾಡುವ ಗಂಡನನ್ನು ಹೆಂಡತಿ ಬಟ್ಟೆ ಮಡಿಸುತ್ತ ನೋಡುತ್ತಿದ್ದಳು. ಕೊನೆಗೆ ಅವಳಿಗೆ ತಡೆಯಲಾಗಲಿಲ್ಲ.

“ಉಸಿರು ಬಿಡ್ರೀ!”

“ಏನು?”

“ಹೊಟ್ಟೆ ಒಳಗೆ ಎಳ್ಕೊಂಡು ಉಸಿರು ಬಿಗಿಹಿಡಿದು ನಡೀತಿದೀರಲ್ಲ, ಅದಕ್ಕೇ ನಡುಗ್ತಿರೋದು. ನೀರಿಗೆ ಹೆದರೋ ಮಕ್ಕಳೂ ಹೀಗೇ ಮಾಡ್ತಾವೆ. ತುಟಿ ಸ್ವಲ್ಪ ತೆಗೆದು ನಿಧಾನಕ್ಕೆ ಬಿಡ್ತಾ ಹೋಗಿ, ಬಿಡ್ತಾ ನಡೀರಿ. ಮುಗಿದ ಮೇಲೆ ನಿಂತು ತಗೊಳ್ಳಿ.”

ಹೆಂಡತಿ ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳುವುದಕ್ಕೆ ಗೂಟನಿಗೆ ಒಂದು ವಾರ ಹಿಡಿಯಿತು. ಒಪ್ಪಿದ ಮೇಲೆ ಚಿತ್ರದ ನಡುಕ ನಿಂತಿತು. ಕ್ಯಾಮೆರಾಕ್ಕೆ ಭಾರ ಸಾಲದು ಎಂದು ಅವನು ಗೊಣಗಿದಾಗ ಅವಳೇ ಕೊಳದಿಂದ ಒಂದು ಹಳೆಯ ಮುಳುಗುಬಿಲ್ಲೆ ತಂದುಕೊಟ್ಟಳು. ಮಕ್ಕಳು ಮುಳುಗಿ ಎತ್ತಿಕೊಂಡು ಬರಲೆಂದು ಕೊಳದ ತಳಕ್ಕೆ ಎಸೆಯುವ, ರಬ್ಬರು ಹೊದಿಸಿದ ಕಬ್ಬಿಣದ ಬಿಲ್ಲೆ ಅದು. ಅದನ್ನವನು ಕ್ಯಾಮೆರಾದ ತಳಕ್ಕೆ ಸ್ಕ್ರೂ ಹಾಕಿ ಬಿಗಿದ. ಊಟದ ಡಬ್ಬಿಗೆ ತೂಕ ಬಂತು, ಗೂಟನಿಗೆ ಹಳೆಯ ಜಂಭ ಮರಳಿತು.

ಆ ವರ್ಷವೇ ಅವಳ ಧ್ವನಿ ಒಡೆಯಿತು. ಕೊಳದ ನೀರಿಗೆ ಹಾಕುವ ಔಷಧಿಯಿಂದ ಇರಬೇಕು ಎಂದು ಮನೆಮಂದಿಯೆಲ್ಲ ಸುಮ್ಮನಿದ್ದರು. ಗಂಟಲು ವಾಸಿಯಾಗುವುದರ ಬದಲು ದಿನಕ್ಕಿಷ್ಟು ಗೊಗ್ಗರಾಯಿತು. ಕೊನೆಗೆ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಗಂಟಲಿನೊಳಗಿನ ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಬೆಳೆದಿದೆ, ಪೆಟ್ಟಿಗೆಯನ್ನೇ ತೆಗೆಯಬೇಕು. ಆಮೇಲೆ ಕುತ್ತಿಗೆಯಲ್ಲಿ ಮಾಡಿದ ರಂಧ್ರದಿಂದ ಉಸಿರಾಟ. ಜೀವಕ್ಕೆ ಭಯವಿಲ್ಲ. ಮಾತಿಗೆ ಯಂತ್ರವಿದೆ, ಆದರೆ ಈ ಧ್ವನಿ ಇರುವುದಿಲ್ಲ. ನೀರಿಗೆ ಇಳಿಯುವಂತಿಲ್ಲ. “ಅಂದ್ರೆ ಕೆಲಸಾನೂ ಹೋಯ್ತು, ಬಾಯೂ ಹೋಯ್ತು” ಎಂದಳು ಅವಳು. ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದಳು.

ಮಗಳು ಆಗ ತುಂಬು ಬಸುರಿ. ಎರಡು ಬೀದಿ ಆಚೆ ಅವಳ ಮನೆ. ಸುದ್ದಿ ಕೇಳಿ ಬಂದವಳು ಅಪ್ಪನನ್ನು ಬಾಲ್ಕನಿಗೆ ಕರೆದಳು.

“ಅಪ್ಪ, ನನ್ನ ಮಗು ಹುಟ್ಟೋ ಹೊತ್ತಿಗೆ ಅಮ್ಮನ ಧ್ವನಿ ಇರಲ್ಲ. ಅಮ್ಮ ಮಾತಾಡೋದನ್ನ ಒಂದು ಸಲ ಚೆನ್ನಾಗಿ ತೆಗೆದಿಡು. ಮುಖ ಕಾಣೋ ಹಾಗೆ. ನಮ್ಮಜ್ಜಿ ಹೀಗೆ ಮಾತಾಡ್ತಿದ್ರು ಅಂತ ಅದಕ್ಕೆ ಗೊತ್ತಾಗ್ಬೇಕು.”

ಗೂಟ ತಲೆಯಾಡಿಸಿದ. ಆಮೇಲೆ ಮನೆಯಲ್ಲಿದ್ದ ಡಿಸ್ಕು, ಫೋನು ಎಲ್ಲ ತಡಕಾಡಿದ. ಊರವರನ್ನೆಲ್ಲ ಚಿತ್ರ ತೆಗೆದವನ ಬಳಿ ಹೆಂಡತಿ ನೆಟ್ಟಗೆ ಮಾತಾಡಿದ ಒಂದು ತುಣುಕೂ ಇರಲಿಲ್ಲ. ಯಾರಾದರೂ ಫೋನ್ ಎತ್ತಿದರೆ ಸಾಕು, ಅವಳು ಅಂಗೈ ಅಡ್ಡ ಹಿಡಿಯುತ್ತಿದ್ದಳು. ಇದ್ದದ್ದೆಲ್ಲ ಅಂಗೈಯ ಚಿತ್ರಗಳೇ. ಹಾಗಾಗಿ ಈ ಒಂದು ಕೆಲಸ ಕೆಡುವಂತಿರಲಿಲ್ಲ. ಬದುಕಿನಲ್ಲಿ ಇಲ್ಲಿವರೆಗೆ ತೆಗೆದದ್ದೆಲ್ಲ ಮಣ್ಣುಪಾಲಾದರೂ ಚಿಂತೆಯಿಲ್ಲ, ಇದೊಂದು ಅಲುಗಬಾರದು ಎಂದುಕೊಂಡ.

“ಸ್ಟ್ಯಾಂಡ್ ಮೇಲೆ ಇಟ್ಟು ತೆಗಿ, ಅಪ್ಪ” ಎಂದಳು ಮಗಳು.

“ಸ್ಟ್ಯಾಂಡಿಗೆ ಹಾಕಿದ್ರೆ ನಿಮ್ಮಮ್ಮ ಪಾಸ್‌ಪೋರ್ಟ್ ಫೋಟೋ ಥರ ಬಿಗಿದು ಕೂತ್ಕೋತಾಳೆ. ಅವಳು ನಡೀತಾ ಮಾತಾಡೋಳು. ನಾನೂ ಜೊತೆಗೆ ನಡೀತೀನಿ. ನನ್ನ ಕೈ ನಂಗೊತ್ತಿಲ್ವಾ?”

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಕೊಳ ತೊಳೆಯುವುದಕ್ಕೆಂದು ರಜೆ. ಕಾವಲುಗಾರ ಅವಳ ಮೇಲಿನ ಮರ್ಯಾದೆಗೆ ಬೀಗ ತೆಗೆದುಕೊಟ್ಟು ತಾನು ಟೀ ಕುಡಿಯಲು ಹೋದ. ಖಾಲಿ ಬೆಂಚುಗಳು, ನೀಲಿ ಟೈಲ್ಸು, ಅಲುಗದ ನೀರು. ಗೂಟ ಅವಳ ಕುತ್ತಿಗೆಯ ಹತ್ತಿರ ಬಟ್ಟೆಗೆ ಪುಟ್ಟ ಮೈಕು ಸಿಕ್ಕಿಸಿದ. ಧ್ವನಿ ಗೊಗ್ಗರಾಗಿತ್ತು, ಆದರೆ ಅವಳದ್ದೇ ಆಗಿತ್ತು. ಕ್ಯಾಮೆರಾ ಎತ್ತಿದ್ದೇ ತಡ ಅವಳ ಅಂಗೈ ಅಡ್ಡ ಬಂತು.

“ಆ ಕೆಂಪು ದೀಪ ನೋಡಿದ್ರೆ ನಂಗೆ ಬಾಯಿ ಒಣಗತ್ತೆ ಕಣ್ರೀ.”

ಚಿತ್ರೀಕರಣ ನಡೆಯುತ್ತಿದೆ ಎಂದು ತೋರಿಸಲು ಕ್ಯಾಮೆರಾದ ಮುಂದೆ ಒಂದು ಸಣ್ಣ ಕೆಂಪು ದೀಪ ಉರಿಯುತ್ತದೆ. ಎಷ್ಟೋ ಜನ ಅದನ್ನು ಕಂಡರೆ ಬೆದರುತ್ತಾರೆ. ಗೂಟ ಜೇಬಿನಿಂದ ಕಪ್ಪು ಟೇಪು ತೆಗೆದು, ಕ್ಯಾಮೆರಾವನ್ನು ಎದೆಗೆ ಆನಿಸಿಕೊಂಡು, ದೀಪದ ಮೇಲೆ ಒಂದು ತುಂಡು ಒತ್ತಿ ಅಂಟಿಸಿದ. ಅವಳ ಮುಖವೊಂದೇ ಕಾಣಲಿ ಎಂದು ಪರದೆಯ ಮೇಲಿನ ಅಂಕಿ, ಗುರುತುಗಳನ್ನೆಲ್ಲ ಬೆರಳಿನಿಂದ ಸರಿಸಿ ಮರೆಮಾಡಿದ. ಹಳೆಯ ಕೈಗಳ ಪದ್ಧತಿ ಅದು. ಚಿತ್ರ ತೆಗೆದ ಜಾಗದಲ್ಲೇ ಮತ್ತೆ ಹಾಕಿ ನೋಡುವುದು ಹುಡುಗರ ಕೆಲಸ ಎನ್ನುವುದೂ ಅವರ ಪದ್ಧತಿಯೇ.

“ಹೂಂ, ಶುರು ಮಾಡು” ಎಂದು ಗುಂಡಿ ಒತ್ತಿದ.

ಅವಳು ಕೊಳದ ಅಂಚಿನಲ್ಲಿ ನಡೆಯುತ್ತ ಪಾಠ ಒಪ್ಪಿಸಿದಳು. “ಮಗೂ, ನಾನು ನಿನ್ನ ಅಜ್ಜಿ. ಜೀವನದಲ್ಲಿ ಶಿಸ್ತು ಬಹಳ ಮುಖ್ಯ...” ಗೂಟ ಪಕ್ಕದಲ್ಲಿ ಏಡಿಯ ಹಾಗೆ ಅಡ್ಡಡ್ಡ ನಡೆದ. ಒದ್ದೆ ಟೈಲ್ಸಿನ ಮೇಲೆ ಹಿಮ್ಮಡಿ ಸ್ವಲ್ಪ ಜಾರಿತು. “ಕಟ್. ಅಲುಗಿತು. ಇನ್ನೊಂದು ಸಲ.” ಮತ್ತೆ ಗುಂಡಿ, ಮತ್ತೆ ಶಿಸ್ತು, ಮತ್ತೆ ಕಟ್. ಮಧ್ಯೆ ಮಧ್ಯೆ ಅವಳು ಏನೇನೋ ಮಾತಾಡುತ್ತಿದ್ದಳು. ಅವನು ಹೂಂ ಹೂಂ ಅನ್ನುತ್ತ ಬೆಳಕು ನೋಡುತ್ತಿದ್ದ, ಕನ್ನಡಕ ಒರೆಸಿಕೊಳ್ಳುತ್ತಿದ್ದ, ಪಟ್ಟಿ ಬಿಗಿಮಾಡಿಕೊಳ್ಳುತ್ತಿದ್ದ. ಕೊನೆಯ ಸಲ ಎಲ್ಲವೂ ಕೂಡಿಬಂತು. ಅವಳು ಆ ತುದಿಯಿಂದ ಈ ತುದಿಯವರೆಗೆ ನಡೆದಳು, ಗೂಟ ಒಂದೇ ಉಸಿರನ್ನು ಎಳೆ ಎಳೆಯಾಗಿ ಬಿಡುತ್ತ ಜೊತೆಗೆ ನಡೆದ. ಅವಳ ಮುಖ ಚೌಕಟ್ಟಿನಲ್ಲಿ ಕೂದಲೆಳೆಯಷ್ಟೂ ಕದಲಲಿಲ್ಲ. ಅಷ್ಟು ಚೆನ್ನಾಗಿ ಅವನು ಜನ್ಮದಲ್ಲಿ ತೆಗೆದಿರಲಿಲ್ಲ.

“ಮುಗೀತು” ಎಂದು ಗುಂಡಿ ಒತ್ತಿ ಕ್ಯಾಮೆರಾ ಚೀಲಕ್ಕೆ ಹಾಕಿದ. ಮನೆಗೆ ಬಂದು ನೋಡಿದರೆ ಬ್ಯಾಟರಿ ಸತ್ತಿತ್ತು. ಚಿಕ್ಕ ಕ್ಯಾಮೆರಾಗಳ ಹಣೆಬರಹವೇ ಇಷ್ಟು ಎಂದುಕೊಂಡು ಕಾರ್ಡು ತೆಗೆದು ಡಬ್ಬಿಯಲ್ಲಿಟ್ಟ.

ಆಪರೇಷನ್ ಚೆನ್ನಾಗಿಯೇ ಆಯಿತು. ಅವಳನ್ನು ವಾರ್ಡಿಗೆ ತಂದ ದಿನ ಗೂಟ ಸ್ನಾನಕ್ಕೆಂದು ಮನೆಗೆ ಬಂದವನು ಕಾರ್ಡನ್ನು ಕಂಪ್ಯೂಟರಿಗೆ ಹಾಕಿದ. ಮೊದಲ ಚಿತ್ರದಲ್ಲಿ ಅವನ ಅಂಗಿಯ ಗುಂಡಿ, ಅವನದೇ ಹೆಬ್ಬೆರಳು, ಟೇಪು ಒತ್ತುವ ಸದ್ದು, ಆಮೇಲೆ “ಹೂಂ, ಶುರು ಮಾಡು.” ಅಲ್ಲಿಗೆ ಚಿತ್ರ ಮುಗಿಯಿತು. ಎರಡನೆಯದು ಟೈಲ್ಸಿನಿಂದ ಶುರುವಾಗಿ “ಹೂಂ, ಶುರು ಮಾಡು” ಎಂಬಲ್ಲಿಗೆ ಮುಗಿಯಿತು. ಮೂರನೆಯದೂ ಹಾಗೆಯೇ.

ಟೇಪು ಒತ್ತುವಾಗ ಅವನ ಹೆಬ್ಬೆರಳು ಚಿತ್ರೀಕರಣದ ಗುಂಡಿಯ ಮೇಲೂ ಬಿದ್ದಿತ್ತು. ಟೇಪಿನ ಕೆಳಗೆ ದೀಪ ಆಗಲೇ ಹೊತ್ತಿಕೊಂಡಿತ್ತು. ಅಲ್ಲಿಂದ ಮುಂದೆ ಅವನು ಶುರು ಎಂದು ಒತ್ತಿದಾಗಲೆಲ್ಲ ಕ್ಯಾಮೆರಾ ನಿಂತಿತು, ಕಟ್ ಎಂದು ಒತ್ತಿದಾಗಲೆಲ್ಲ ಓಡಿತು. ಆ ಕೊನೆಯ ನಡಿಗೆ, ಜನ್ಮದಲ್ಲಿ ತೆಗೆಯದಂಥದ್ದು, ಎಲ್ಲೂ ಇರಲಿಲ್ಲ. ಅದರ ನಂತರದ್ದು ಇತ್ತು: ಚೀಲದೊಳಗಿನ ಕತ್ತಲೆ, ಆಟೋ ಸದ್ದು, ಬ್ಯಾಟರಿ ಸಾಯುವವರೆಗೆ. ಗೂಟ ಕುರ್ಚಿಯಲ್ಲಿ ಕೂತು ಮಗುವಿನ ಹಾಗೆ ಅತ್ತ. ಸ್ನಾನ ಮಾಡದೆಯೇ ಆಸ್ಪತ್ರೆಗೆ ಹೋದ.

ಮಗಳಿಗೆ ಹೇಳಿದ. “ಒಂದು ದೀಪ ಉರೀತಿದ್ಯಾ ಅಂತ ನೋಡೋಕೆ ಆಗ್ಲಿಲ್ವಾ ಅಪ್ಪ ನಿಂಗೆ?” ಎಂದವಳು ಹೊಟ್ಟೆ ಹಿಡಿದುಕೊಂಡು ಕಾರಿಡಾರಿನ ಬೆಂಚಿನ ಮೇಲೆ ಕೂತುಬಿಟ್ಟಳು.

ಹೆಂಡತಿ ಮನೆಗೆ ಬಂದಳು. ಈಗ ಅವಳ ಮಾತೆಲ್ಲ ಒಂದು ಸ್ಲೇಟಿನ ಮೇಲೆ. ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಯಂತ್ರವನ್ನು ಆಸ್ಪತ್ರೆಯವರು ತೋರಿಸಿದ್ದರು. ಅವಳು ಒಮ್ಮೆ ಪ್ರಯತ್ನಿಸಿ, “ಮಿಕ್ಸಿ ಮಾತಾಡಿದ ಹಾಗಿದೆ” ಎಂದು ಸ್ಲೇಟಿನಲ್ಲಿ ಬರೆದು ಪೆಟ್ಟಿಗೆಯಲ್ಲಿಟ್ಟಿದ್ದಳು. ಮತ್ತೆ ಮತ್ತೆ ಸ್ಲೇಟು ಕೇಳಿತು: “ಎಲ್ಲಿ ನನ್ನ ಸಿನಿಮಾ?” ಗೂಟ ಹೇಳಿದ, ಬಣ್ಣ ಸರಿಮಾಡುತ್ತಿದ್ದೇನೆ. ಗೂಟ ಹೇಳಿದ, ಕಂಪ್ಯೂಟರ್ ನಿಧಾನ. ಬಾಯಿಲ್ಲದವಳಿಗೆ ಸುಳ್ಳು ಹೇಳುವುದು ಬಾಯಿದ್ದವಳಿಗೆ ಹೇಳುವುದಕ್ಕಿಂತ ಕಷ್ಟ. ಅವಳು ತಿರುಗಿ ಬೈಯುವುದಿಲ್ಲ, ಸುಮ್ಮನೆ ನೋಡುತ್ತಾಳೆ. ಒಂದು ಮಧ್ಯಾಹ್ನ ಅವನು ಸೋತು ಎಲ್ಲ ಹೇಳಿಬಿಟ್ಟ.

ಅವಳು ಸ್ಲೇಟಿನಲ್ಲಿ “ಇರೋದನ್ನ ಹಾಕಿ” ಎಂದು ಬರೆದಳು.

ಹಾಕಿದ. ಪರದೆಯಲ್ಲಿ ನೀಲಿ ಟೈಲ್ಸು, ಅವನ ಬರಿಗಾಲು, ಪಕ್ಕದಲ್ಲಿ ಅವಳ ಬರಿಗಾಲು, ತಲೆಕೆಳಗಾದ ಬೆಂಚು, ಆಕಾಶ, ಮತ್ತೆ ಟೈಲ್ಸು. ಎಲ್ಲ ಗಡಗಡ. ಆದರೆ ಧ್ವನಿ? ಮೈಕು ಅವಳ ಕುತ್ತಿಗೆಯಲ್ಲೇ ಇತ್ತಲ್ಲ. ಧ್ವನಿ ಕಿವಿಯ ಪಕ್ಕದಲ್ಲಿ ಕೂತು ಮಾತಾಡಿದಷ್ಟು ಸ್ಪಷ್ಟವಾಗಿತ್ತು.

“ಬರೋವಾಗ ಸ್ಟವ್ ಆಫ್ ಮಾಡಿದ್ರಾ?”

“ಮಾಡಿದೀನಿ.”

“ನೀವು ಮಾಡಿದೀನಿ ಅಂದ್ರೆ ನಾನು ವಾಪಸ್ ಹೋಗಿ ನೋಡ್ಬೇಕು... ಅಲ್ರೀ, ಶಿಸ್ತು ಮುಖ್ಯ ಅಂತೆಲ್ಲ ಹೇಳ್ತಿದೀನಲ್ಲ, ನಂಗೇ ನಗು ಬರತ್ತೆ. ಹೊಟ್ಟೇಲಿರೋ ಮಗುಗೆ ಯಾರಾದ್ರೂ ಭಾಷಣ ಮಾಡ್ತಾರಾ? ಅದು ಬರ್ಲಿ, ಎತ್ಕೊಂಡು ಬಂದು ಇದೇ ನೀರಲ್ಲಿ ತೇಲಿಸ್ತೀನಿ ಅಂತಿದ್ದೆ. ಈಗ ಇನ್ನೊಬ್ರ ಕೈಲಿ ತೇಲಿಸ್ಬೇಕು. ತೇಲಿಸಿ ಮತ್ತೆ, ಬಿಡ್ಬೇಡಿ. ಅಜ್ಜನ ಹಾಗೆ ಮೊಣಕಾಲು ನೀರಲ್ಲಿ ಉಸಿರು ಹಿಡ್ಕೊಂಡು ನಿಲ್ಲೋದು ಬೇಡ... ನೋಡಿ, ಈಗಲೂ ಹಿಡ್ಕೊಂಡಿದೀರಿ! ಉಸಿರು ಬಿಡ್ರೀ!”

ನಡುವೆ ಗೂಟ ಕನ್ನಡಕ ಒರೆಸಲು ಕ್ಯಾಮೆರಾವನ್ನು ಬೆಂಚಿನ ಮೇಲೆ ಇಟ್ಟಿದ್ದ. ಅಲ್ಲಿ ಅವಳು ಬಗ್ಗಿ ಲೆನ್ಸಿನೊಳಗೆ ಇಣುಕಿದ್ದಳು. ಪರದೆಯ ತುಂಬ ಅವಳ ಮುಖ, ಸ್ವಲ್ಪ ವಾರೆಯಾಗಿ. “ಇಷ್ಟೇ ಇಷ್ಟಿದೆ, ಇದಕ್ಕೆಷ್ಟು ಸೊಕ್ಕು!” ಎಂದು ಹುಬ್ಬು ಹಾರಿಸಿ ನಕ್ಕಳು. ಇಡೀ ಕಾರ್ಡಿನಲ್ಲಿ ಅಲುಗದೆ ಇದ್ದ ಚಿತ್ರ ಅದೊಂದೇ. ಅದನ್ನು ತೆಗೆದದ್ದು ಬೆಂಚು.

ಆಮೇಲೆ ಮತ್ತೆ ಟೈಲ್ಸು ಬಂತು. ಒದ್ದೆ ಹೆಜ್ಜೆಗಳ ಸದ್ದು. ನಂತರ ಅವಳ ಧ್ವನಿ, ಬಹಳ ಮೆಲ್ಲಗೆ.

“ನಂಗೆ ಹೆದ್ರಿಕೆ ಆಗ್ತಿದೆ ಕಣ್ರೀ.”

ಗೂಟನ ಧ್ವನಿ ಹೇಳಿತು: “ಸ್ವಲ್ಪ ಎಡಕ್ಕೆ ನಿಂತ್ಕೋ. ಮುಖದ ಮೇಲೆ ಬೆಳಕು ಬರ್ಲಿ.”

ಅವನಿಗೆ ಅದು ಕೇಳಿಸಿದ ನೆನಪೇ ಇರಲಿಲ್ಲ. ಅವಳು ಪಕ್ಕದಲ್ಲೇ ನಿಂತು ಹೇಳಿದ್ದಳು, ಅವನು ಬೆಳಕು ನೋಡುತ್ತಿದ್ದ. ನಾಚಿಕೆಯಿಂದ ಅವನ ಮೈಯೆಲ್ಲ ಬಿಸಿಯಾಯಿತು. ಮುಂದಕ್ಕೆ ಓಡಿಸಿಬಿಡೋಣ ಎಂದು ಕೀಲಿಮಣೆಗೆ ಕೈ ಚಾಚಿದ. ಅವಳು ಆ ಕೈಯನ್ನು ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಪರದೆಯಲ್ಲಿ ಅವಳ ಬರಿಗಾಲು ಒಂದು ಹೆಜ್ಜೆ ಎಡಕ್ಕೆ ಸರಿಯಿತು.

“ನಂಗೂ ಹೆದ್ರಿಕೆ ಆಗಿತ್ತು ಕಣೇ” ಎಂದ ಗೂಟ. “ನಿನ್ನ ಮುಖ ನೋಡಿದ್ರೆ ಅಳು ಬರತ್ತೆ ಅಂತ ಬೆಳಕು ನೋಡ್ತಿದ್ದೆ.”

ಅವಳು ತಲೆಯಾಡಿಸಿದಳು. ಕೈ ಬಿಡಲಿಲ್ಲ. ಎಡಗೈಯಲ್ಲಿ ವಾರೆಕೋರೆಯಾಗಿ ಸ್ಲೇಟಿನ ಮೇಲೆ ಬರೆದಳು: “ಎಷ್ಟು ಮಾತಾಡ್ತಿದ್ದೆ ನಾನು!” ಆಮೇಲೆ ನಕ್ಕಳು. ಸದ್ದಿಲ್ಲದ ನಗು, ಭುಜಗಳಷ್ಟೇ ಕುಣಿದವು. ಕಣ್ಣಲ್ಲಿ ನೀರೂ ಇತ್ತು. ಮತ್ತೊಮ್ಮೆ ಮೊದಲಿನಿಂದ ಹಾಕಿ ಎಂದು ಬೆರಳಿನಿಂದ ತೋರಿಸಿದಳು.

ಮೊಮ್ಮಗಳು ಹುಟ್ಟಿದ ಮೇಲೆ ಆ ಚಿತ್ರ ಮನೆಯಲ್ಲಿ ದಿನವೂ ಓಡತೊಡಗಿತು. ಮಗಳೂ ಕೋಪ ಮರೆತಳು. ಅಳುವ ಕೂಸು ಆ ಧ್ವನಿ ಬಂದರೆ ಸುಮ್ಮನಾಗುತ್ತಿತ್ತು. ಸ್ವಲ್ಪ ದೊಡ್ಡದಾದ ಮೇಲೆ ಅಜ್ಜಿಯ ಮಡಿಲಲ್ಲಿ ಕೂತು, ಪರದೆಯಲ್ಲಿ ನೆಲ ಕುಲುಕಾಡುವುದನ್ನು ನೋಡುತ್ತ, ಅಜ್ಜಿಯ ಬಾಯನ್ನೂ ಆಗಾಗ ಮುಟ್ಟಿ ನೋಡುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಹುಡುಗಿಯನ್ನು ಅದೇ ಕೊಳಕ್ಕೆ ಸೇರಿಸಿದರು. ಹೊಸ ಟೀಚರು ಕೈ ಬಿಟ್ಟು ಅವಳು ಮೊದಲ ಸಲ ತಾನೇ ತೇಲುವ ದಿನ ಬಂತು. ಅಜ್ಜಿ ನೀರಿನಿಂದ ದೂರದ ಬೆಂಚಿನಲ್ಲಿ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಈಗ ಅವಳ ಕೂಗೆಲ್ಲ ಚಪ್ಪಾಳೆಯಲ್ಲಿ. ಗೂಟ ಮೊದಲು ಕ್ಯಾಮೆರಾದ ಕೆಂಪು ದೀಪ ನೋಡಿದ, ಮತ್ತೊಮ್ಮೆ ನೋಡಿದ. ಲೆನ್ಸಿನ ಪಕ್ಕದ ನಡುಕ ತಡೆಯುವ ಗುಂಡಿಯನ್ನೂ ಆನ್ ಮಾಡಿದ. ಮೊಮ್ಮಗಳ ಮುಖ ನೀರಿನ ಮಟ್ಟದಲ್ಲಿ ಸಿಗಬೇಕೆಂದು ಪ್ಯಾಂಟು ಮಡಿಸಿ ಮೆಟ್ಟಿಲಿಳಿದ. ನೀರು ಮೊಣಕಾಲು ದಾಟಿತು, ಸೊಂಟಕ್ಕೆ ಬಂತು. ಮೈ ಸೆಟೆದುಕೊಂಡಿತು, ಉಸಿರು ಬಿಗಿಹಿಡಿದ, ಕ್ಯಾಮೆರಾ ನಡುಗಿತು.

ಮೆಟ್ಟಿಲ ಮೇಲೆ ನಿಂತು ನೀರಿನಲ್ಲಿ ಅಂಗಾತ ಮಲಗಲು ಸಿದ್ಧವಾಗಿದ್ದ ಹುಡುಗಿ ಅಜ್ಜನನ್ನು ಮೇಲಿಂದ ಕೆಳಗೆ ನೋಡಿದಳು. ಸೊಂಟದ ಮೇಲೆ ಕೈಯಿಟ್ಟಳು. ಕೊಳದ ಆ ತುದಿಗೂ ಕೇಳುವ ಹಾಗೆ ಕೂಗಿದಳು:

“ಉಸಿರು ಬಿಡ್ರೀ!”

ಟೀಚರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅಜ್ಜನನ್ನು ಮೊಮ್ಮಕ್ಕಳು ಹಾಗೆ ಕರೆಯುವುದಿಲ್ಲ ಎಂದು ಹುಡುಗಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಕಲಿತದ್ದು ಹಾಗೆಯೇ. ಗೂಟ ಬೆಂಚಿನ ಕಡೆ ತಿರುಗಿದ. ಅಲ್ಲಿ ಅವಳು ಎರಡೂ ಕೈಯೆತ್ತಿ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು, ಭುಜಗಳು ಕುಣಿಯುತ್ತಿದ್ದವು.

ಗೂಟ ಉಸಿರು ಬಿಟ್ಟ. ಚಿತ್ರ ಆಗಲೂ ನಡುಗಿತು. ಅವನು ನಗುತ್ತಿದ್ದ, ನಗುವುದನ್ನು ತಡೆಯುವ ಗುಂಡಿ ಆ ಕ್ಯಾಮೆರಾದಲ್ಲಿ ಇರಲಿಲ್ಲ. ಹುಡುಗಿ ತೇಲಿದಳು. ಕೆಂಪು ದೀಪ ಉರಿಯುತ್ತಿತ್ತು.